ಕಾರಿನ ಆಯಿಲ್ ಚೇಂಬರ್ ಪ್ಯಾಕಿಂಗ್ ಮನೆಯಲ್ಲೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ನಿನ ತಳಕ್ಕೆ ಕಟ್ಟಿರುವ ಆಯಿಲ್ ತಟ್ಟೆಗೆ ಕಂಪನಿಯ ಪುಸ್ತಕದಲ್ಲಿ ಆಯಿಲ್ ಪ್ಯಾನ್ ಅಥವಾ ಸಂಪ್ ಎನ್ನುತ್ತಾರೆ. ಮೈಸೂರು, ಮಂಡ್ಯದ ಗ್ಯಾರೇಜುಗಳಲ್ಲಿ ಅದು ಚೇಂಬರ್, ಅದರ ಗ್ಯಾಸ್ಕೆಟ್ಟು (ಆಯಿಲ್ ಸೋರದಂತೆ ಅಂಚಿನ ನಡುವೆ ಕೂರುವ ಪಟ್ಟಿ) ಚೇಂಬರ್ ಪ್ಯಾಕಿಂಗ್. ಇಲ್ಲಿಯೂ ಅದೇ ಮಾತು ಬಳಸಿದ್ದೇವೆ.

ಗಾಡಿ ನಿಲ್ಲಿಸಿದ ಜಾಗದಲ್ಲಿ ಆಯಿಲ್ ಬಿದ್ದಿರುತ್ತೆ. ಚೇಂಬರ್ ಪ್ಯಾಕಿಂಗೇ ಹೋಗಿದೆ ಅಂದುಕೊಳ್ಳಬಹುದಾ?

ಬೇಡ. ಈ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಚೇಂಬರ್ ಎಂಜಿನ್ನಿನ ಅತಿ ಕೆಳಗಿನ ಭಾಗ. ಮೇಲೆ ಎಲ್ಲಿ ಸೋರಿದರೂ ಆಯಿಲ್ ಇಳಿದು ಬಂದು ಚೇಂಬರ್ ಅಂಚಿನಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್, ಮುಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ಶಾಫ್ಟಿನ ತುದಿಯ ಸೀಲ್), ಹಿಂದಿನ ಕ್ರ್ಯಾಂಕ್ ಸೀಲ್, ಡ್ರೈನ್ ಬೋಲ್ಟಿನ ವಾಷರ್: ಇಷ್ಟನ್ನೂ ನೋಡದೆ ಚೇಂಬರ್ ಬಿಚ್ಚಬೇಡಿ.

ನೋಡುವ ವಿಧಾನ ಸುಲಭ. ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರಿಗೂ ವೈರ್ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಕವರ್ ಸುತ್ತಿ, ಡಿಗ್ರೀಸರ್ ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ಚೆನ್ನಾಗಿ ಒಣಗಲಿ. ಆಮೇಲೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನು ಚೇಂಬರ್ ಅಂಚು, ಫಿಲ್ಟರ್ ಸುತ್ತ, ಬ್ಲಾಕಿನ (ಎಂಜಿನ್ನಿನ ಮುಖ್ಯ ಒಡಲು) ಪಕ್ಕ ಎಲ್ಲಾ ಕಡೆ ತೆಳ್ಳಗೆ ಉದುರಿಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಟಾರ್ಚ್ ಹಿಡಿದು ಮೇಲಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಬಿಳಿ ಪೌಡರಿನ ಮೇಲೆ ಕಂದು ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಮೂಲ. ಗಾಡಿ ಓಡುವಾಗ ಗಾಳಿಯ ರಭಸಕ್ಕೆ ಆಯಿಲ್ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನೂ ಎಲ್ಲಕ್ಕಿಂತ ಮುಂದಿರುವುದನ್ನೂ ಮೊದಲು ಅನುಮಾನಿಸಿ.

ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಕಡೆ, ಕ್ಲಚ್ ಹೌಸಿಂಗಿನ ಕೆಳಗಿನ ಕಿಂಡಿಯಿಂದ ಆಯಿಲ್ ಬರುತ್ತಿದ್ದರೆ ಹಿಂದಿನ ಕ್ರ್ಯಾಂಕ್ ಸೀಲನ್ನು ನೋಡಬೇಕು. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು. ಚೇಂಬರ್ ಪ್ಯಾಕಿಂಗ್ ಎಷ್ಟು ಸಲ ಬದಲಿಸಿದರೂ ನಿಲ್ಲುವುದಿಲ್ಲ.

ಪ್ಯಾಕಿಂಗ್ ಯಾಕೆ ಹೋಗುತ್ತೆ?

ವಯಸ್ಸಾಗಿ. ಕಾರ್ಕ್ ಪ್ಯಾಕಿಂಗ್ ಒಣಗಿ ಕುಗ್ಗುತ್ತದೆ, ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಹಳ್ಳಿ ರಸ್ತೆಯ ಎತ್ತರದ ಹಂಪಿಗೆ ಚೇಂಬರ್ ತಾಗಿ ಅಂಚು ಸೊಟ್ಟಗಾದರೂ ಸೋರುತ್ತದೆ. ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ: ಎಂಜಿನ್ನಿನ ಬ್ರೀದರ್ ಪೈಪ್ ಅಥವಾ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ದುರ್ಬಲವಾದ ಕಡೆಯಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಹೊಸ ಪ್ಯಾಕಿಂಗ್ ಹಾಕಿ ಕೆಲವೇ ತಿಂಗಳಲ್ಲಿ ಮತ್ತೆ ಸೋರಿತು ಎನ್ನುವವರು ಬ್ರೀದರನ್ನು ಒಮ್ಮೆ ಬಿಚ್ಚಿ ನೋಡಿ.

ಅಂಗಡಿಯಲ್ಲಿ ನನ್ನ ಗಾಡಿಗೆ ಪ್ಯಾಕಿಂಗೇ ಬರಲ್ಲ ಅಂತಾರೆ. ನಿಜವಾ?

ಇರಬಹುದು. ಈಗಿನ ಬಹುತೇಕ ಎಂಜಿನ್‌ಗಳಲ್ಲಿ ಕತ್ತರಿಸಿದ ಪ್ಯಾಕಿಂಗ್ ಇರುವುದಿಲ್ಲ; ಕಾರ್ಖಾನೆಯಲ್ಲೇ ಸಿಲಿಕಾನ್ ಸೀಲೆಂಟ್ ಎಳೆದು ಚೇಂಬರ್ ಕೂರಿಸಿರುತ್ತಾರೆ. ಹಳೆಯ ಗಾಡಿಗಳಲ್ಲಿ ಕಾರ್ಕ್, ಕೆಲವದರಲ್ಲಿ ಅಚ್ಚು ಹಾಕಿದ ರಬ್ಬರ್. ಗಾಡಿಯ ಮಾಡೆಲ್, ವರ್ಷ, ಷಾಸಿ ನಂಬರ್ ಹೇಳಿ ಕೇಳಿದರೆ ಸ್ಪೇರ್ಸ್ ಅಂಗಡಿಯವರು ಪಟ್ಟಿ ನೋಡಿ ಹೇಳುತ್ತಾರೆ. ಸೀಲೆಂಟಿನ ಎಂಜಿನ್ನಿಗೆ ಕಾರ್ಕ್ ಶೀಟ್ ಕತ್ತರಿಸಿ ಹಾಕಿಸಿಕೊಳ್ಳಬೇಡಿ. ಆ ಅಂಚುಗಳು ಲೋಹಕ್ಕೆ ಲೋಹ ತಾಗುವಂತೆ ಮಾಡಿದವು. ಮಧ್ಯೆ ದಪ್ಪ ಶೀಟ್ ಬಂದರೆ ಬೋಲ್ಟಿನ ಬಿಗಿತ ನಿಲ್ಲುವುದಿಲ್ಲ, ಮೂಲೆಗಳಲ್ಲಿ ಸಂದು ಉಳಿಯುತ್ತದೆ.

ಯಾವ ಗಾಡಿಗಾದರೂ ಮನೆಯಲ್ಲಿ ಮಾಡಬಹುದಾ?

ಇಲ್ಲ. ಗಾಡಿಯ ಕೆಳಗೆ ಇಣುಕಿ ಚೇಂಬರಿನ ಸುತ್ತ ನೋಡಿ. ಎಲ್ಲಾ ಬೋಲ್ಟುಗಳಿಗೂ ಸ್ಪ್ಯಾನರ್ ಸಿಗುತ್ತದೆ, ಕೆಳಗೆ ಇಳಿಸಲು ಜಾಗವಿದೆ ಎಂದರೆ ಮಾಡಬಹುದು. ಸೈಲೆನ್ಸರಿನ ಮುಂದಿನ ಪೈಪ್ ಅಡ್ಡವಿದ್ದರೆ ಅದನ್ನು ಬಿಚ್ಚಬೇಕಾಗುತ್ತದೆ. ಅದರ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಆದರೆ ಕ್ರಾಸ್ ಮೆಂಬರ್ (ಎಂಜಿನ್ನಿನ ಕೆಳಗೆ ಹಾಯುವ ಅಡ್ಡ ತೊಲೆ) ಬಿಚ್ಚಬೇಕು ಅಥವಾ ಮೌಂಟಿಂಗ್ ಕಳಚಿ ಎಂಜಿನ್ ಎತ್ತಬೇಕು ಅನ್ನುವ ಗಾಡಿಯಾದರೆ ಪಿಟ್ ಅಥವಾ ಲಿಫ್ಟ್ ಇರುವ ಗ್ಯಾರೇಜಿಗೆ ಕೊಡಿ.

ಏನೇನು ಬೇಕು?

ಗಾಡಿಗೆ ಹೊಂದುವ ಪ್ಯಾಕಿಂಗ್, ಇಲ್ಲವೇ ಆಯಿಲ್ ತಡೆಯುವ ಆರ್‌ಟಿವಿ (ಬಿಸಿ ಮಾಡದೆ ತಾನೇ ಗಟ್ಟಿಯಾಗುವ) ಸಿಲಿಕಾನ್ ಸೀಲೆಂಟ್ ಒಂದು ಟ್ಯೂಬ್. ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಚಿಕ್ಕ ಪೆಟ್ರೋಲ್ ಕಾರಿಗೆ ಸುಮಾರು 3 ಲೀಟರ್ ಹಿಡಿಯುತ್ತದೆ, ದೊಡ್ಡ ಡೀಸೆಲ್ ಜೀಪುಗಳಿಗೆ 5-6 ಲೀಟರ್ ಅಥವಾ ಇನ್ನೂ ಹೆಚ್ಚು; ಗ್ರೇಡೂ ಅಳತೆಯೂ ಗಾಡಿಯ ಪುಸ್ತಕದಲ್ಲಿದೆ. ಚೇಂಬರ್ ಬೋಲ್ಟುಗಳು ಹೆಚ್ಚಾಗಿ 10 ನಂಬರ್, ಕೆಲವದರಲ್ಲಿ 12. ಬಾಕ್ಸ್ ಸ್ಪ್ಯಾನರ್, ಉದ್ದ ಎಕ್ಸ್‌ಟೆನ್ಷನ್, ರಿಂಗ್ ಸ್ಪ್ಯಾನರ್, ಚಿಕ್ಕ ಟಾರ್ಕ್ ರೆಂಚ್ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್), ಪ್ಲಾಸ್ಟಿಕ್ ಸ್ಕ್ರೇಪರ್, ಬ್ರೇಕ್ ಕ್ಲೀನರ್ ಸ್ಪ್ರೇ ಎರಡು ಡಬ್ಬಿ, ನೂಲು ಬಿಡದ ಹಳೆ ಹತ್ತಿ ಬಟ್ಟೆ, ಅಗಲವಾದ ಬೇಸಿನ್, ಕಣ್ಣಿಗೆ ಕನ್ನಡಕ. ಜಾಕಿ ಒಂದು, ಜಾಕ್ ಸ್ಟ್ಯಾಂಡ್ ಎರಡು.

ಸೀಲೆಂಟ್ ಬಗ್ಗೆ ಒಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿ ಗಾಜಿಗೆ, ಬಾತ್‌ರೂಮಿಗೆ ಅಂತ ಕೊಡುವ ಸಿಲಿಕಾನ್ ಇದಕ್ಕಾಗದು. ವಿನಿಗರ್ ಥರ ಹುಳಿ ವಾಸನೆ ಬರುವ ಆ ಬಗೆ ಲೋಹವನ್ನು ತಿನ್ನುತ್ತದೆ, ಬಿಸಿ ಆಯಿಲಿಗೆ ಉಬ್ಬಿ ಕಳಚಿಕೊಳ್ಳುತ್ತದೆ. ಎಂಜಿನ್ನಿಗೆಂದೇ ಬರುವುದನ್ನು, ಟ್ಯೂಬಿನ ಮೇಲಿನ ದಿನಾಂಕ ನೋಡಿ ತನ್ನಿ. ಅವಧಿ ಮುಗಿದದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ.

ಗಾಡಿ ಎತ್ತಿ ನಿಲ್ಲಿಸುವುದು ಹೇಗೆ?

ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಮಾತ್ರ. ಮನೆ ಮುಂದಿನ ರಸ್ತೆ ಚರಂಡಿಯ ಕಡೆಗೆ ವಾಲಿರುತ್ತದೆ, ಅಲ್ಲಿ ಬೇಡ. ಟೈಲ್ಸ್ ಹಾಕಿದ ಪೋರ್ಟಿಕೋದಲ್ಲಿ ಸ್ಟ್ಯಾಂಡ್ ಜಾರುತ್ತದೆ, ಟೈಲ್ಸೂ ಒಡೆಯುತ್ತದೆ. ಮಣ್ಣಿನ ಅಂಗಳವೇ ಗತಿ ಎಂದಾದರೆ ಈ ಕೆಲಸ ಅಲ್ಲಿ ಬೇಡ. ನಾಲೆ ಬಯಲಿನ ಊರುಗಳ ಜೌಗು ಮಣ್ಣಂತೂ ಮೇಲೆ ಒಣಗಿದ ಹಾಗೆ ಕಂಡರೂ ಭಾರ ಬಿದ್ದ ಮೇಲೆ ಕುಸಿಯುತ್ತದೆ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಪುಸ್ತಕದಲ್ಲಿ ತೋರಿಸಿದ ಜಾಕಿಂಗ್ ಪಾಯಿಂಟಿನಲ್ಲೇ ಎತ್ತಿ, ಎರಡೂ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿದ ಮೇಲೆ ಕೆಳಗೆ ಹೋಗಿ. ಚೇಂಬರಿಗೇ ಜಾಕಿ ಕೊಡಬಾರದು. ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಯಾವುದೂ ಸ್ಟ್ಯಾಂಡ್ ಅಲ್ಲ. ಇಟ್ಟಿಗೆಯೂ ಬ್ಲಾಕೂ ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ, ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮನೆಯಲ್ಲಿ ಇನ್ನೊಬ್ಬರು ಇರುವಾಗ ಕೆಲಸ ಮಾಡಿ.

ಆಯಿಲ್ ಇಳಿಸುವಾಗ ಏನು ನೋಡಬೇಕು?

ಗಾಡಿ ಎತ್ತುವ ಮೊದಲೇ ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿಕೊಂಡರೆ ಸಾಕು. ಕುದಿಯುವ ಆಯಿಲ್ ಕೈ ಸುಡುತ್ತದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ. ಡ್ರೈನ್ ಬೋಲ್ಟ್ ಬಿಚ್ಚಿ ಅರ್ಧ ಗಂಟೆ ಬಿಡಿ, ಫಿಲ್ಟರನ್ನೂ ಈಗಲೇ ತೆಗೆಯಿರಿ. ಬೋಲ್ಟ್ ಬಿಚ್ಚಿದ ಮೇಲೂ ಚೇಂಬರಿನ ತಳದಲ್ಲಿ ಕಾಲು ಲೀಟರಿನಷ್ಟು ಉಳಿದಿರಬಹುದು, ಬೇಸಿನ್ ತೆಗೆಯಬೇಡಿ.

ಎಲ್ಲಾ ಬೋಲ್ಟ್ ಬಿಚ್ಚಿದರೂ ಚೇಂಬರ್ ಬರುತ್ತಿಲ್ಲ. ಏನು ಮಾಡೋದು?

ಮೊದಲು ಮತ್ತೊಮ್ಮೆ ಎಣಿಸಿ. ಹಿಂದೆ, ಗೇರ್ ಬಾಕ್ಸ್ ಕಡೆ, ಗುಳಿಯೊಳಗೆ ಒಂದೆರಡು ಬೋಲ್ಟ್ ಅಡಗಿರುತ್ತವೆ. ಮಣ್ಣು ಆಯಿಲ್ ಸೇರಿ ಮೆತ್ತಿಕೊಂಡು ಕಾಣುವುದೇ ಇಲ್ಲ. ನಿಜವಾಗಿ ಎಲ್ಲವೂ ಬಂದಿದ್ದರೆ ಹಿಡಿದಿರುವುದು ಸೀಲೆಂಟ್. ರಬ್ಬರ್ ಸುತ್ತಿಗೆಯಲ್ಲಿ ಚೇಂಬರಿನ ಪಕ್ಕಕ್ಕೆ ತಟ್ಟಿ. ಕೆಲವು ಎಂಜಿನ್‌ಗಳ ಚೇಂಬರ್ ಅಂಚಿನಲ್ಲಿ ಮೀಟಲೆಂದೇ ಒಂದು ಕಚ್ಚು ಬಿಟ್ಟಿರುತ್ತಾರೆ, ಅಲ್ಲಿ ಮಾತ್ರ ಮೀಟಬಹುದು. ಇಲ್ಲದಿದ್ದರೆ ತೆಳ್ಳನೆಯ ಪುಟ್ಟಿ ಬ್ಲೇಡನ್ನು ಒಂದು ಮೂಲೆಯಲ್ಲಿ ತೂರಿಸಿ, ಸೀಲೆಂಟನ್ನು ಕೊಯ್ಯುತ್ತಾ ಪಕ್ಕಕ್ಕೆ ಸರಿಸುತ್ತಾ ಹೋಗಿ.

ದಪ್ಪ ಸ್ಕ್ರೂ ಡ್ರೈವರ್ ಹೊಡೆದು ಎಬ್ಬಿಸಬೇಡಿ. ಬ್ಲಾಕ್ ಅಲ್ಯೂಮಿನಿಯಂ ಆಗಿದ್ದರೆ ಆ ಒಂದು ಏಟಿಗೆ ಬಿದ್ದ ಗಾಯದಲ್ಲೇ ಮುಂದೆ ಸೋರುತ್ತದೆ, ಅದನ್ನು ಯಾವ ಪ್ಯಾಕಿಂಗೂ ಮುಚ್ಚಲಾರದು. ಚೇಂಬರ್ ಬಿಟ್ಟುಕೊಂಡ ಮೇಲೂ ನೇರ ಕೆಳಗೆ ಎಳೆಯಬೇಡಿ. ಒಳಗೆ ಆಯಿಲ್ ಹೀರುವ ಪೈಪ್ ಇರುತ್ತದೆ, ಅದಕ್ಕೆ ತಗಲದಂತೆ ಓರೆ ಮಾಡಿ ಇಳಿಸಿ. ಬೋಲ್ಟುಗಳ ಉದ್ದ ಬೇರೆಬೇರೆ ಇದ್ದರೆ ಒಂದು ರಟ್ಟಿನ ಮೇಲೆ ಚೇಂಬರಿನ ಆಕಾರ ಬರೆದು, ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಬಿಗಿಯಾದಂತೆ ಅನಿಸುತ್ತದೆ, ಅಂಚು ಮಾತ್ರ ಒತ್ತಿಕೊಂಡಿರುವುದಿಲ್ಲ.

ಇಳಿಸಿದ ಚೇಂಬರಿನಲ್ಲಿ ಏನೇನೋ ಕಾಣುತ್ತಿದೆ. ಹೆದರಬೇಕಾ?

ತಳದಲ್ಲಿ ತೆಳ್ಳನೆಯ ಕಪ್ಪು ಗಸಿ ಸಾಮಾನ್ಯ. ಗಸಿ ಗಟ್ಟಿಯಾಗಿ ಕೆನೆಗಟ್ಟಿದ್ದರೆ ಆಯಿಲ್ ಸರಿಯಾದ ಹೊತ್ತಿಗೆ ಬದಲಾಗಿಲ್ಲ. ಹೀರು ಪೈಪಿನ ಜಾಲರಿ ನೋಡಿ. ಕಟ್ಟಿಕೊಂಡಿದ್ದರೆ ಬಿಚ್ಚಿ ತೊಳೆದು, ಅದರ ಓ-ರಿಂಗ್ ಹೊಸದು ಹಾಕಿ. ಹಳೆ ಓ-ರಿಂಗ್ ಗಾಳಿ ಎಳೆದರೆ ಆಯಿಲ್ ಪ್ರೆಶರ್ ಬೀಳುತ್ತದೆ.

ಗಸಿಯಲ್ಲಿ ಹೊಳೆಯುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದ್ದು ಕಬ್ಬಿಣ. ಅಂಟದ ಬೆಳ್ಳಿ ಬಣ್ಣದ ಅಥವಾ ತಾಮ್ರದ ಬಣ್ಣದ ಚೂರು ಬೇರಿಂಗಿನದಿರಬಹುದು. ಚೇಂಬರ್ ಮುಚ್ಚುವ ಮೊದಲೇ ಅನುಭವಸ್ಥ ಮೆಕ್ಯಾನಿಕ್ಕಿಗೆ ತೋರಿಸಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಹೆಡ್ ಪ್ಯಾಕಿಂಗ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನದು) ನೋಡಿಸಬೇಕು.

ಎಷ್ಟು ಶುಚಿ ಮಾಡಿದರೆ ಸಾಕು?

ಬೆರಳು ಎಳೆದರೆ ಕೀರಲು ಸದ್ದು ಬರುವಷ್ಟು. ಇಡೀ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಗಬೇಕು. ಹಳೆ ಸೀಲೆಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ, ಆಯಿಲ್ ಪಸೆಯ ಮೇಲಂತೂ ಹಿಡಿಯುವುದೇ ಇಲ್ಲ.

ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಕೆರೆದು, ಬಟ್ಟೆಗೆ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಮೇಲೆ ಬಾಯಿ ತೆರೆದ ಎಂಜಿನ್ ಇದೆ ಎಂಬುದು ನೆನಪಿರಲಿ. ಎಮರಿ ಪೇಪರ್, ಗ್ರೈಂಡರಿಗೆ ಹಾಕುವ ಉಜ್ಜುವ ಚಕ್ರ ಬಳಸಬೇಡಿ. ಆ ಪುಡಿ ಬೇರಿಂಗಿಗೆ ಹೋದರೆ ಎಂಜಿನ್ನೇ ಹೋಗುತ್ತದೆ. ಬೋಲ್ಟಿನ ತೂತುಗಳೊಳಗೆ ಆಯಿಲ್ ನಿಂತಿದ್ದರೆ ಬಟ್ಟೆ ಸುರುಳಿ ಮಾಡಿ ಹೀರಿಸಿ.

ನಿಜವಾದ ತೊಂದರೆ ಎಂದರೆ, ನೀವು ಒರೆಸಿದ ಹತ್ತು ನಿಮಿಷಕ್ಕೆ ಮೇಲಿಂದ ಇನ್ನೊಂದು ಹನಿ ಆಯಿಲ್ ಇಳಿದು ಅಂಚಿಗೆ ಬರುತ್ತದೆ. ಅದಕ್ಕೇ ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಮೇಲು. ಮೊದಲ ಸಂಜೆ ಚೇಂಬರ್ ಇಳಿಸಿ, ಕೆಳಗೆ ಬೇಸಿನ್ ಇಟ್ಟು, ಎಂಜಿನ್ನಿನ ಬಾಯಿಗೆ ಧೂಳು ಹೋಗದಂತೆ ಶುಭ್ರ ಪ್ಲಾಸ್ಟಿಕ್ ಕಟ್ಟಿ ರಾತ್ರಿಯಿಡೀ ಸೋರಲು ಬಿಡಿ. ಕಬ್ಬಿನ ಲಾರಿಗಳು ಓಡಾಡುವ ರಸ್ತೆ ಪಕ್ಕದ ಮನೆಯಾದರೆ ಈ ಹೊದಿಕೆ ಬೇಕೇ ಬೇಕು. ಬೆಳಗ್ಗೆ ಮತ್ತೆ ಒರೆಸಿ, ತಕ್ಷಣ ಸೀಲ್ ಮಾಡಿ.

ಚೇಂಬರ್ ಅಂಚು ಸೊಟ್ಟಗಿದೆ. ಹೊಸದೇ ತರಬೇಕಾ?

ತಗಡಿನ ಚೇಂಬರಾದರೆ ಹೆಚ್ಚಾಗಿ ಬೇಡ. ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದರೆ ಪ್ರತಿ ತೂತಿನ ಸುತ್ತ ಅಂಚು ಮೇಲಕ್ಕೆ ಉಬ್ಬಿರುತ್ತದೆ. ನೆಟ್ಟನೆಯ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಅಂಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು, ಉಬ್ಬಿದ ಕಡೆ ಮೇಲಿನಿಂದ ಗುಂಡು ತಲೆಯ ಸುತ್ತಿಗೆಯಿಂದ ಹಗುರಾಗಿ ತಟ್ಟುತ್ತಾ ಮಟ್ಟ ಮಾಡಿ. ತಳಕ್ಕೆ ದೊಡ್ಡ ತಗ್ಗು ಬಿದ್ದಿದ್ದರೆ ಅದನ್ನೂ ಒಳಗಿನಿಂದ ತಟ್ಟಿ ಹೊರಕ್ಕೆ ತರಬೇಕು. ತಳ ಮೇಲೆದ್ದು ಜಾಲರಿಗೆ ತೀರಾ ಹತ್ತಿರ ಬಂದರೆ ಪಂಪಿಗೆ ಆಯಿಲ್ ಸಿಗದು. ಎರಕದ ಅಲ್ಯೂಮಿನಿಯಂ ಚೇಂಬರ್ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಸರಿ.

ಸೀಲೆಂಟ್ ಎಷ್ಟು, ಎಲ್ಲಿ ಹಾಕಬೇಕು?

ಚೇಂಬರಿನ ಅಂಚಿಗೆ, ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಎಳೆ. ಎಲ್ಲೂ ಕಡಿಯಬಾರದು, ಶುರುವಾದ ಕಡೆಗೇ ಬಂದು ಸೇರಬೇಕು. ಬೋಲ್ಟ್ ತೂತುಗಳ ಒಳಮಗ್ಗುಲಿನಲ್ಲಿ ಹಾಯಬೇಕು. ಹೊರಗೆ ಹಾಯ್ದರೆ ಆಯಿಲ್ ತೂತಿನ ಮೂಲಕ ಬೋಲ್ಟಿಗುಂಟ ಇಳಿಯುತ್ತದೆ. ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಜಾಗ, ಹಿಂದಿನ ಸೀಲ್ ಹೌಸಿಂಗ್ ಸೇರುವ ಜಾಗ, ಈ ಸಂದುಗಳಿಗೆ ಒಂದೊಂದು ತೊಟ್ಟು ಹೆಚ್ಚು ಬೇಕು. ಸೋರುವ ಮೂಲೆಗಳು ಸಾಮಾನ್ಯವಾಗಿ ಇವೇ.

"ಇನ್ನೊಂದು ಸ್ವಲ್ಪ ಇರಲಿ" ಅಂತ ಧಾರಾಳವಾಗಿ ಹಚ್ಚುವುದು ಅಪಾಯ. ಒಳಗೆ ಹಿಂಡಿದ ಸಿಲಿಕಾನ್ ಎಳೆಯಾಗಿ ಕಳಚಿ, ಆಯಿಲ್ ಹೀರುವ ಜಾಲರಿಗೆ ಹೋಗಿ ಮುಚ್ಚಿದರೆ ಪ್ರೆಶರ್ ಹೋಗಿ ಎಂಜಿನ್ ಸೀಜ್ ಆಗುತ್ತದೆ. ಒಂದು ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಹೀಗೇ.

ಕಾರ್ಕ್ ಪ್ಯಾಕಿಂಗಿಗೆ ಚೇಂಬರ್ ಕಡೆ ಮಾತ್ರ ತೆಳ್ಳಗೆ ಸವರಿದರೆ ಕೂರಿಸುವಾಗ ಜಾರದು. ರಬ್ಬರ್ ಪ್ಯಾಕಿಂಗನ್ನು ಒಣಗಿದ್ದಂತೆಯೇ ಹಾಕಿ, ಮೂಲೆಯ ಸಂದುಗಳಿಗೆ ಮಾತ್ರ ಸೀಲೆಂಟ್. ಅದಕ್ಕೆ ಗ್ರೀಸ್ ಹಚ್ಚಿದರೆ ಬಿಗಿಯುವಾಗ ಹೊರಕ್ಕೆ ಜಾರುತ್ತದೆ.

ಕೆಳಗೆ ಮಲಗಿ ಒಬ್ಬರೇ ಚೇಂಬರ್ ಕೂರಿಸುವಾಗ ಸೀಲೆಂಟ್ ಒರೆಸಿಹೋಗುತ್ತೆ. ಉಪಾಯ ಇದೆಯಾ?

ಇದೆ. ಚೇಂಬರ್ ಬೋಲ್ಟಿನ ಥ್ರೆಡ್ಡೇ ಇರುವ (ಹೆಚ್ಚಾಗಿ ಎಂ6, ಅಂದರೆ 6 ಮಿಲಿಮೀಟರ್ ದಪ್ಪದ್ದು) ಉದ್ದದ ಬೋಲ್ಟ್ ಎರಡು ತಂದು, ತಲೆ ಕತ್ತರಿಸಿ, ತುದಿಯಲ್ಲಿ ಹ್ಯಾಕ್ಸಾದಿಂದ ಒಂದು ಗೀರು ಹಾಕಿ. ಎದುರುಬದುರು ಮೂಲೆಗಳಲ್ಲಿ ಬ್ಲಾಕಿಗೆ ಇವನ್ನು ಕೈಯಲ್ಲಿ ತಿರುಗಿಸಿ ಕೂರಿಸಿ. ಚೇಂಬರ್ ಇವುಗಳ ಮೇಲೆ ನೇರವಾಗಿ ಏರುತ್ತದೆ, ಅತ್ತಿತ್ತ ಸರಿಯುವುದಿಲ್ಲ. ನಾಲ್ಕಾರು ಬೋಲ್ಟ್ ಹಿಡಿಸಿದ ಮೇಲೆ ಗೀರಿಗೆ ಸ್ಕ್ರೂ ಡ್ರೈವರ್ ಕೊಟ್ಟು ಬಿಚ್ಚಿಕೊಳ್ಳಿ. ಸೀಲೆಂಟ್ ಎಳೆದ ಐದು ನಿಮಿಷದೊಳಗೆ, ಮೇಲೆ ಪೊರೆ ಕಟ್ಟುವ ಮೊದಲೇ ಚೇಂಬರ್ ಕೂರಬೇಕು. ಹಾಗಾಗಿ ಮೊದಲು ಸೀಲೆಂಟ್ ಇಲ್ಲದೆ ಒಂದು ಸಲ ಎತ್ತಿ ಕೂರಿಸಿ ಅಭ್ಯಾಸ ಮಾಡಿ.

ಎಷ್ಟು ಬಿಗಿಯಬೇಕು?

ನಿಮಗೆ ಅನಿಸುವುದಕ್ಕಿಂತ ಕಡಿಮೆ. ಎಂ6 ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಗಾಡಿಯ ಸರ್ವಿಸ್ ಮ್ಯಾನುಯಲಿನ ಅಂಕಿಯೇ ಅಂತಿಮ. ಟಾರ್ಕ್ ರೆಂಚ್ ಇಲ್ಲದಿದ್ದರೆ ರಿಂಗ್ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ತಲೆಯ ಹತ್ತಿರ ಹಿಡಿದು, ಮಣಿಕಟ್ಟಿನ ಬಲದಿಂದಷ್ಟೇ ತಿರುಗಿಸಿ.

ಎಲ್ಲಾ ಬೋಲ್ಟನ್ನೂ ಮೊದಲು ಬೆರಳಲ್ಲೇ ಹತ್ತಿಸಿ. ನಂತರ ಮಧ್ಯದಿಂದ ಶುರುಮಾಡಿ, ಎಡಕ್ಕೊಂದು ಬಲಕ್ಕೊಂದು ಎದುರುಬದುರಾಗಿ ತುದಿಗಳ ಕಡೆ ಸಾಗಿ. ಒಂದೇ ಸುತ್ತಿನಲ್ಲಿ ಮುಗಿಸದೆ ಎರಡು ಮೂರು ಸುತ್ತಿನಲ್ಲಿ ಬಿಗಿ ಏರಿಸಿ. ಕಾರ್ಕ್ ಹೊರಗೆ ಉಬ್ಬಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಬಿಗಿದರೆ ಅದು ಸೀಳುತ್ತದೆ.

ಯಾವಾಗ ಆಯಿಲ್ ಹಾಕಿ ಸ್ಟಾರ್ಟ್ ಮಾಡಬಹುದು?

ಸೀಲೆಂಟ್ ಹಾಕಿದ್ದರೆ 24 ಗಂಟೆ ಬಿಡಿ. ಟ್ಯೂಬಿನ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನು ಪಾಲಿಸಿ. ಈ ಸಿಲಿಕಾನ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಮಳೆಗಾಲದ ತೇವ ಅದಕ್ಕೆ ಅಡ್ಡಿಯಲ್ಲ, ಆದರೆ ಅಂಚಿನ ಮೇಲೆ ನೀರಿನ ಹನಿ ಇರಬಾರದು. ಡಿಸೆಂಬರ್, ಜನವರಿಯ ಚಳಿಗೆ ತಡವಾಗುತ್ತದೆ, ಇನ್ನೂ ಕೆಲವು ಗಂಟೆ ಕೊಡಿ. ಬರೀ ಕಾರ್ಕ್ ಅಥವಾ ರಬ್ಬರಾದರೆ ಮೂಲೆಯ ತೊಟ್ಟುಗಳು ಗಟ್ಟಿಯಾಗುವ ತನಕ ಕಾದರೆ ಸಾಕು.

ಡ್ರೈನ್ ಬೋಲ್ಟ್, ಫಿಲ್ಟರ್ ಹಾಕಿರುವುದನ್ನು ಮತ್ತೆ ನೋಡಿಯೇ ಆಯಿಲ್ ಸುರಿಯಿರಿ. ಗಾಡಿಯನ್ನು ನೆಲಕ್ಕಿಳಿಸಿ, ಗೇರಿನಿಂದ ತೆಗೆದು, ಬ್ಯಾಟರಿ ಕೇಬಲ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡಿಗೆ ಆಯಿಲ್ ದೀಪ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ತಕ್ಷಣ ಆಫ್ ಮಾಡಿ ಕಾರಣ ಹುಡುಕಿ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಗೇಜ್ ಕಡ್ಡಿ ನೋಡಿ. ಆಮೇಲೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರುವಷ್ಟು ದೂರ ಓಡಿಸಿ ಬಂದು, ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಗ್ಗೆ ರಟ್ಟು ಒಣಗಿದ್ದರೆ ಆಯಿತು.

ಸ್ವಲ್ಪ ದಿನ ಬಿಟ್ಟು ಬೋಲ್ಟ್ ಮತ್ತೆ ಬಿಗಿಯಬೇಕಾ?

ಕಾರ್ಕಿಗೆ ಹೌದು, 300-500 ಕಿಲೋಮೀಟರ್ ಆದ ಮೇಲೆ ಒಮ್ಮೆ, ಹಗುರಾಗಿ. ಸೀಲೆಂಟಿಗೆ ಬೇಡ. ಗಟ್ಟಿಯಾದ ಸಿಲಿಕಾನನ್ನು ಮತ್ತೆ ಒತ್ತಿದರೆ ಹಿಡಿತ ಬಿಟ್ಟುಕೊಳ್ಳುತ್ತದೆ.

ಡ್ರೈನ್ ಬೋಲ್ಟಿನ ಥ್ರೆಡ್ ಹೋಗಿದೆ. ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ?

ನಿಲ್ಲದು. ದಾರಿಯಲ್ಲಿ ಬೋಲ್ಟ್ ಕಳಚಿದರೆ ಆಯಿಲೆಲ್ಲ ಕ್ಷಣದಲ್ಲಿ ಖಾಲಿ. ಚೇಂಬರ್ ಕೈಯಲ್ಲಿರುವಾಗಲೇ ಲೇತ್ ವರ್ಕ್‌ಶಾಪಿಗೆ ಕೊಂಡುಹೋಗಿ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ, ಅಥವಾ ತಗಡಿನದಾದರೆ ಹೊಸ ನಟ್ ಬೆಸುಗೆ ಮಾಡಿಸಿ. ಬೆಸುಗೆಗೆ ಮುಂಚೆ ಆಯಿಲ್ ಪಸೆ ಪೂರ್ತಿ ಹೋಗಿರಬೇಕು.

ಇದೇ ವಿಧಾನದಲ್ಲಿ ಟ್ರ್ಯಾಕ್ಟರಿಗೂ ಬೈಕಿಗೂ ಮಾಡಬಹುದಾ?

ಹಲವು ಟ್ರ್ಯಾಕ್ಟರುಗಳಲ್ಲಿ ಎರಕದ ಚೇಂಬರೇ ಗಾಡಿಯ ಭಾರ ಹೊರುತ್ತದೆ, ಮುಂದಿನ ಆಕ್ಸಲ್ ಅದರ ಆಧಾರದಲ್ಲೇ ನಿಂತಿರುತ್ತದೆ. ಅದನ್ನು ಬಿಚ್ಚಿದರೆ ಟ್ರ್ಯಾಕ್ಟರ್ ಎರಡು ತುಂಡಾದ ಹಾಗೆ. ಮನೆಯಲ್ಲಿ ಮುಟ್ಟಬೇಡಿ. ಸ್ಪ್ಲೆಂಡರ್ ಥರದ ಬೈಕುಗಳಿಗೆ ಪ್ರತ್ಯೇಕ ಚೇಂಬರೇ ಇಲ್ಲ. ಕೆಳಗೆ ಸೋರಿದರೆ ಡ್ರೈನ್ ಬೋಲ್ಟ್ ವಾಷರ್, ಪಕ್ಕದ ಕವರುಗಳ ಪ್ಯಾಕಿಂಗ್, ಗೇರ್ ಶಾಫ್ಟಿನ ಸೀಲ್ ನೋಡಿ.

ಹಳೆ ಆಯಿಲ್ ಏನು ಮಾಡೋದು?

ಚರಂಡಿಗೆ ಖಂಡಿತ ಬೇಡ. ಮೈಸೂರಿನ ಮಳೆನೀರಿನ ಚರಂಡಿಗಳು ಕೆರೆಗಳ ಕಡೆ ಹರಿಯುತ್ತವೆ. ಮಂಡ್ಯದ ಹಳ್ಳಿಗಳಲ್ಲಿ ಸುರಿದದ್ದು ನಾಲೆಗೆ, ಅಲ್ಲಿಂದ ಗದ್ದೆಗೆ. ಗೆದ್ದಲಿಗೆಂದು ಮರಕ್ಕೆ ಬಳಿಯುವುದು, ಧೂಳು ಅಡಗಲೆಂದು ಅಂಗಳಕ್ಕೆ ಚೆಲ್ಲುವುದು ಎರಡೂ ಮಣ್ಣಿಗೆ ವಿಷ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಸಾಲಿಗೇ ಸೇರುತ್ತದೆ. ಹೊಸ ಆಯಿಲಿನ ಖಾಲಿ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಹಳೆ ಆಯಿಲನ್ನು ಪರವಾನಗಿ ಇರುವ ಮರುಬಳಕೆದಾರರಿಗೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಅದಕ್ಕೆ ಬ್ರೇಕ್ ಕ್ಲೀನರ್, ಪೆಟ್ರೋಲ್, ಕೂಲೆಂಟ್ ಬೆರೆಸಬೇಡಿ, ಬೆರಕೆಯಾದರೆ ತೆಗೆದುಕೊಳ್ಳುವುದಿಲ್ಲ. ಹಳೆ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಸೋರಿಸಿ, ಅದನ್ನೂ ಜೊತೆಗೇ ಕೊಡಿ. ಆಯಿಲ್ ಕುಡಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ, ಬಿಡಿಸಿ ಒಣಗಲು ಹಾಕಿ, ಬೆಂಕಿಯಿಂದ ದೂರವಿಡಿ.